ಮೀಟರ್ ಮಾವನ ಜೊತೆ ಐದು ದಿನ: ಪಾವಗಡದ ಬಿಸಿಲಿನಿಂದ ಶರಾವತಿಯ ನೀರಿನವರೆಗೆ

ನನ್ನ ಸೋದರಮಾವನಿಗೆ ಈಗ 71. ವಿದ್ಯುತ್ ಮಂಡಳಿ ಕೆ.ಇ.ಬಿ.ಯಲ್ಲಿ ಮೀಟರ್ ರೀಡರ್ ಆಗಿ ಸೇರಿದರು. ಅದು ಕೆ.ಪಿ.ಟಿ.ಸಿ.ಎಲ್. ಆಯಿತು, ಆಮೇಲೆ ಮೆಸ್ಕಾಂ ಆಯಿತು. ಬೋರ್ಡ್ ಬದಲಾಯಿತೇ ಹೊರತು ಮಾವನ ಕೆಲಸ ಬದಲಾಗಲಿಲ್ಲ, ಅಲ್ಲೇ ರಿಟೈರ್ ಆದರು. ಈಗಲೂ ಅಂಗಿ ಜೇಬಲ್ಲಿ ಒಂದು ಸಣ್ಣ ಪುಸ್ತಕ, ಮೊಂಡು ಪೆನ್ಸಿಲ್ ಇರುತ್ತದೆ. ನಾನು ಎಲೆಕ್ಟ್ರಿಕ್ ಕಾರು ತಂದಾಗ ಸುತ್ತ ಒಂದು ರೌಂಡ್ ಹೊಡೆದು ಕೇಳಿದ್ದರು, "ಇದಕ್ಕೆ ಆರ್.ಆರ್. ನಂಬರ್ ಎಲ್ಲಿ ಮಾರಾಯ?" ಪ್ರತಿ ಕರೆಂಟ್ ಕನೆಕ್ಷನ್ನಿಗೂ ಬೋರ್ಡು ಕೊಡುವ ನಂಬರ್ ಅದು.

ಈ ಪ್ರವಾಸ ಶುರುವಾಗಿದ್ದು ಊಟದ ಹೊತ್ತಿನ ಜಗಳದಿಂದ. ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಕೆಳಕ್ಕೆ ಬಿಟ್ಟು ಕರೆಂಟ್ ತೆಗೆಯುವ ಯೋಜನೆ ಬಗ್ಗೆ ಪೇಪರ್‌ನಲ್ಲಿ ಬಂದಿತ್ತು. ನನ್ನ ಮಗ ಬೇಕೇ ಬೇಕು ಅಂದ. ನಾನು ಯಾರಿಗೆ ಬೇಕು ಅಂದೆ. ಇಬ್ಬರ ದನಿಯೂ ಏರಿತು. ಮಾವ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. "ಬೇಕಾ ಬೇಡ್ವಾ ಅಂತ ಮನೇಲಿ ಕೂತು ಬಿಲ್ ಬರೆಯೋಕಾಗಲ್ಲ. ನಡಿ, ಹೋಗಿ ರೀಡಿಂಗ್ ತಗೊಂಡು ಬರೋಣ" ಅಂದರು. ನಿಜ ಹೇಳಬೇಕಂದ್ರೆ ಅವರಿಗೆ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರಿನ ಹೊಸ ಸೇತುವೆ ದಾಟುವ ಆಸೆ ಇತ್ತು. ನನಗೆ ಪಾವಗಡದ ಸೋಲಾರ್ ಪಾರ್ಕ್ ನೋಡಬೇಕಿತ್ತು. ಡಿಸೆಂಬರ್‌ನಲ್ಲಿ ಹೊರಟೆವು.

ಮೊದಲ ದಿನ: ತಿರುಮಣಿ

ಬೆಳಗಿನ ಜಾವ ಬೆಂಗಳೂರು ಬಿಟ್ಟು, ಮಧುಗಿರಿಯಲ್ಲಿ ಇಡ್ಲಿ ತಿಂದು, ಪಾವಗಡ ದಾಟಿ ತಿರುಮಣಿ ಕಡೆ ತಿರುಗಿದಾಗ ಹತ್ತೂವರೆ. ಪಾವಗಡ ತಾಲ್ಲೂಕಿನ ಸುತ್ತ ಹೆಚ್ಚು ಕಡಿಮೆ ಆಂಧ್ರವೇ. ಅಂಗಡಿ ಬೋರ್ಡು ಕನ್ನಡ, ಮಾತು ಅರ್ಧ ತೆಲುಗು. ಬರ ಈ ಕಡೆಯವರಿಗೆ ಹೊಸದಲ್ಲ. ಕಡ್ಲೆಕಾಯಿ ಹಾಕಿ ಮುಗಿಲು ನೋಡುವುದೇ ಇಲ್ಲಿನ ಬೇಸಾಯವಾಗಿತ್ತು.

ಸೋಲಾರ್ ಪಾರ್ಕ್ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗಲಿಲ್ಲ. ರಸ್ತೆಯ ಎಡಕ್ಕೆ ಒಂದು ಬೇಲಿ ಬಂತು, ಬಲಕ್ಕೆ ಇನ್ನೊಂದು. ಆಮೇಲೆ ಹತ್ತು ನಿಮಿಷ ಕಾರು ಓಡಿಸಿದರೂ ಬೇಲಿ ಮುಗಿಯಲೇ ಇಲ್ಲ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಅಂತ ಐದು ಊರಿನ ಜಮೀನು. 2018ರಲ್ಲಿ ಮೊದಲ ಹಂತ ಶುರುವಾಗಿ 2019ರ ಕೊನೆಗೆ ಪೂರ್ತಿಯಾಯಿತು. ಹತ್ತಿರ ಹೋದರೆ ನೋಡುವಂಥದ್ದು ಏನೂ ಇಲ್ಲ. ಕಬ್ಬಿಣದ ಕಾಲ ಮೇಲೆ ಸಾಲು ಸಾಲು ಗಾಜು. ಶಬ್ದವೂ ಇಲ್ಲ. ಮಾವ ಮಾತ್ರ ಬೇಲಿ ಪಕ್ಕದ ಟ್ರಾನ್ಸ್‌ಫಾರ್ಮರ್ ಹತ್ತಿರ ನಿಂತು ಕಿವಿ ಕೊಟ್ಟರು. "ಗುಂಯ್ ಅಂತಿದೆ. ಲೋಡ್ ಚೆನ್ನಾಗಿದೆ" ಅಂದರು.

ಪ್ಯಾನೆಲ್ ತೊಳೆದ ನೀರು ಅದರ ಬುಡಕ್ಕೇ ಬೀಳುತ್ತದೆ. ಹಾಗಾಗಿ ಸುತ್ತ ಎಲ್ಲ ಒಣಗಿದ್ದರೂ ಪ್ಯಾನೆಲ್ ಅಡಿಯಲ್ಲಿ ಮಾತ್ರ ಹಸಿರು ಹುಲ್ಲು. ಅದು ಎತ್ತರ ಬೆಳೆದರೆ ಗಾಜಿನ ಮೇಲೆ ನೆರಳು ಬಿದ್ದು ಕರೆಂಟ್ ಕಮ್ಮಿಯಾಗುತ್ತದೆ. ಅದನ್ನು ಕೊಯ್ಯೋಕೆ ಕೂಲಿಗೆ ಹೆಂಗಸರು ಬರುತ್ತಾರೆ. ಬೇಲಿ ಹೊರಗೆ ಬೇವಿನ ನೆರಳಲ್ಲಿ ಇಬ್ಬರು ಬುತ್ತಿ ಬಿಚ್ಚಿದ್ದರು. ಸೀರೆ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್, ಪಕ್ಕದಲ್ಲಿ ಕುಡುಗೋಲು.

"ನಿಮ್ಮ ಜಮೀನೂ ಇದರಲ್ಲಿ ಇದೆಯೇನಕ್ಕಾ?" ಅಂತ ಕೇಳಿದೆ.

ಒಬ್ಬಾಕೆ ನಕ್ಕರು. "ಜಮೀನಿದ್ದೋರು ಯಾಕೆ ಬರ್ತಾರೆ ಸಾಮಿ ಹುಲ್ಲು ಕೊಯ್ಯೋಕೆ? ಜಮೀನಿದ್ದೋರಿಗೆ ಬಾಡಿಗೆ, ನಮಗೆ ಹುಲ್ಲು."

ಈ ಬಾಡಿಗೆ ವಿಷಯ ಸ್ವಲ್ಪ ಹೇಳಬೇಕು. ಇಲ್ಲಿ ಸರ್ಕಾರ ರೈತರ ಜಮೀನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಜಾಸ್ತಿ. ಪಹಣಿ ರೈತನ ಹೆಸರಲ್ಲೇ ಇರುತ್ತದೆ. ಟೀ ಅಂಗಡಿಯಲ್ಲಿ ಸಿಕ್ಕ ಒಬ್ಬ ಯಜಮಾನರು ತಮ್ಮ ಎಂಟು ಎಕರೆ ಕೊಟ್ಟಿದ್ದರು. "ಕಡ್ಲೆಕಾಯಿ ನನಗೆ ಒಂದು ವರ್ಷಾನೂ ಇಷ್ಟು ಕೊಡಲಿಲ್ಲ. ಬರ ಬಂದ್ರೂ ಬಾಡಿಗೆ ಬರ್ತದೆ" ಅಂದರು. ಹಾಗಂತ ಖುಷಿಯಾಗಿದ್ದೀರಾ ಅಂದರೆ ಹೂಂ ಅನ್ನಲಿಲ್ಲ. "ಬೆಳಗ್ಗೆ ಎದ್ರೆ ಹೋಗೋಕೆ ಜಾಗ ಇಲ್ಲ" ಅಂದರು. ಕುರಿ ಸಾಕುವವರಿಗೆ ಬಾಡಿಗೆಯೂ ಇಲ್ಲ, ಬಯಲೂ ಇಲ್ಲ. ಎಲ್ಲ ಕಡೆ ಬೇಲಿ.

ನನ್ನ ಲೆಕ್ಕದಲ್ಲಿ, ನಮ್ಮ ರಾಜ್ಯದಲ್ಲಿ ಯೋಜನೆಗೆ ಜಮೀನು ಪಡೆದ ರೀತಿಗಳಲ್ಲಿ ಇದು ಎಷ್ಟೋ ವಾಸಿ. ಕೂಲಿಯವರನ್ನೂ ಕುರಿಯವರನ್ನೂ ಆ ಕರಾರಿನೊಳಗೆ ಸೇರಿಸಿದ್ದರೆ ನಾನು ಚಪ್ಪಾಳೆ ತಟ್ಟುತ್ತಿದ್ದೆ.

ಮಾವ ಮಾತ್ರ ಮಧ್ಯಾಹ್ನದಿಂದ ಸುಮ್ಮನಾಗಿದ್ದರು. ರಾತ್ರಿ ಲಾಡ್ಜಿನ ಹೊರಗಿನ ಪ್ಲಗ್ಗಿಗೆ ಕಾರು ಹಾಕಿ, ಮುದ್ದೆ ಉಂಡು ಬಂದು ಮಲಗುವ ಹೊತ್ತಿಗೆ ಕರೆಂಟ್ ಹೋಯಿತು. ಕಾರು 64 ಪರ್ಸೆಂಟಿಗೆ ನಿಂತಿತು. ಅಲ್ವಾ, ಎರಡು ಸಾವಿರ ಮೆಗಾವ್ಯಾಟಿನ ಪಕ್ಕದಲ್ಲೇ ಮಲಗಿದ್ದೇವೆ! ನಾನು ಬೈದುಕೊಳ್ಳುತ್ತಿದ್ದರೆ ಕತ್ತಲಲ್ಲಿ ಮಾವ ಅಂದರು, "ಸೂರ್ಯ ಆರು ಗಂಟೆಗೇ ಡ್ಯೂಟಿ ಮುಗಿಸಿದ. ಹಗಲು ಕರೆದ ಹಾಲು ರಾತ್ರಿಗೆ ಇಡೋಕೆ ಇವರ ಹತ್ರ ಪಾತ್ರೆ ಇಲ್ಲ. ಅದಕ್ಕೇ ಈಗ ಶರಾವತಿ ಪಾತ್ರೆ ಕೇಳ್ತಿರೋದು."

ಆಮೇಲೆ ಮೊಬೈಲ್ ಟಾರ್ಚ್ ಹಾಕಿಕೊಂಡು ಏನೋ ಬರೆದರು. ನನ್ನ ಅಜ್ಜನ ಆರು ಎಕರೆ ಗದ್ದೆ 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಮುಳುಗಿತ್ತು. ಆರು ಎಕರೆ, 21,000, 61 ವರ್ಷ. "76 ಲಕ್ಷದ 86 ಸಾವಿರ ಆಗುತ್ತೆ ನೋಡು" ಅಂದರು. ಆಗಿನ ದುಡ್ಡಿಗೂ ಈಗಿನ ದುಡ್ಡಿಗೂ ಅಜಗಜಾಂತರ ಇದೆ ಮಾವ ಅಂದೆ. "ರೇಟು ತಪ್ಪಿರಬಹುದು, ಲೆಕ್ಕ ಸರಿ ಇದೆ" ಅಂದು ಮಲಗಿದರು.

ಎರಡನೇ ದಿನ: ಮಾರಿಕಣಿವೆ

ಕರೆಂಟ್ ರಾತ್ರಿಯೇ ಬಂದಿತ್ತು. ಬೆಳಗ್ಗೆ ಕಾರು ತುಂಬಿತ್ತು. ಮಾವ ರೀಡಿಂಗ್ ಬರೆದುಕೊಂಡರು.

ಹಿರಿಯೂರು ಮೇಲೆ ಹೋಗಿ ವಾಣಿವಿಲಾಸ ಸಾಗರ ನೋಡೋಣ ಅಂತ ಹಠ ಹಿಡಿದವನು ನಾನು. ಊರಿನವರು ಮಾರಿಕಣಿವೆ ಅಂತಲೇ ಅನ್ನುವುದು. ಮೈಸೂರು ಸಂಸ್ಥಾನ 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿದ ಕಟ್ಟೆ. ಎರಡು ಗುಡ್ಡದ ಮಧ್ಯೆ ವೇದಾವತಿಯನ್ನು ತಡೆದು ನಿಲ್ಲಿಸಿದ್ದಾರೆ. ಕಟ್ಟೆಯ ಮೇಲೆ ಎರಡು ಚಂದದ ಮಂಟಪ. ಸುಣ್ಣದ ಗಾರೆಯ ಕಲ್ಲಿನ ಮೇಲೆ ಕೈಯಿಟ್ಟರೆ ಡಿಸೆಂಬರಿನ ಬೆಳಗ್ಗೆಯೂ ಬೆಚ್ಚಗಿತ್ತು.

ಈ ಕಟ್ಟೆಯ ಕತೆ ವಿಚಿತ್ರ. 1933ರಲ್ಲಿ ಕೋಡಿ ಬಿತ್ತು. ಆಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. 89 ವರ್ಷ! ಇವತ್ತು ಯಾರಾದರೂ ಇಂಥ ಯೋಜನೆ ಮಾಡಿದರೆ ಟಿವಿಯವರು 'ದುಡ್ಡು ನೀರು ಪಾಲು' ಅಂತ ದಿನವಿಡೀ ಕಿರುಚುತ್ತಾರೆ. ಆದರೆ ತುಂಬದೇ ಇದ್ದ ಅಷ್ಟೂ ವರ್ಷ ಈ ಕಟ್ಟೆ ಹಿರಿಯೂರಿನ ತೆಂಗು ಅಡಿಕೆ ತೋಟ ಸಾಕಿದೆ, ಊರುಗಳಿಗೆ ಕುಡಿಯಲು ಕೊಟ್ಟಿದೆ. ಅರ್ಧ ತುಂಬಿದ ಮಡಕೆಯೂ ಮಡಕೆಯೇ. ಕೆಲವು ವರ್ಷದ ಹಿಂದೆ ತಳ ಕಂಡಾಗ ಇಲ್ಲಿನ ತೆಂಗಿನ ತೋಟಗಳು ಸುಳಿ ಒಣಗಿ ನಿಂತಿದ್ದವು. ಆಗ ತಿಳಿಯಿತು ಈ ನೀರು ಎಷ್ಟು ಜನರಿಗೆ ಬೇಕಿತ್ತು ಅಂತ.

ಈಗ ತುಂಬುವುದಕ್ಕೆ ಮಳೆ ಒಂದೇ ಕಾರಣ ಅಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಎತ್ತಿದ ನೀರು 2019ರಿಂದ ಇಲ್ಲಿಗೂ ಬರುತ್ತಿದೆ. ಆ ಯೋಜನೆಯ ಕಾಲುವೆಗಳನ್ನು ಹೊಳಲ್ಕೆರೆ ದಾರಿಯಲ್ಲಿ ನೋಡಿದೆವು. ಒಂದು ಕಡೆ ಕಾಂಕ್ರೀಟ್ ಹಾಕಿದ ಅಗಲ ಕಾಲುವೆ, ಸ್ವಲ್ಪ ಮುಂದೆ ಬರೀ ಮಣ್ಣಿನ ಗುಂಡಿ, ಅದರೊಳಗೆ ಜಾಲಿ ಮುಳ್ಳು. ಕೇಂದ್ರ 2023ರ ಬಜೆಟ್‌ನಲ್ಲಿ 5,300 ಕೋಟಿ ಕೊಡುತ್ತೇನೆ ಅಂದಿತ್ತು. ಆ ದುಡ್ಡು ಎಲ್ಲಿ ಅಂತ ರಾಜ್ಯ ಕೇಳುತ್ತಲೇ ಇದೆ. ಮಾವ ಕಾರು ನಿಲ್ಲಿಸಲು ಹೇಳಿ ಗುಂಡಿಯ ಅಂಚಲ್ಲಿ ಮೂತ್ರ ಮಾಡಿ ಬಂದರು. "ಸದ್ಯಕ್ಕೆ ಇಷ್ಟೇ ನೀರು" ಅಂದರು. ಈ ಮಾತನ್ನು ಬರೆಯಬೇಡ ಅಂತಲೂ ಹೇಳಿದ್ದರು.

ಶಿವಮೊಗ್ಗದಲ್ಲಿ ಚಾರ್ಜ್ ಮಾಡಿ, ರಾತ್ರಿ ಸಾಗರ ತಲುಪಿದೆವು.

ಮೂರನೇ ದಿನ: ಹೊಳೆಬಾಗಿಲು, ತುಮರಿ

ಸಾಗರದಿಂದ ಹೊಳೆಬಾಗಿಲಿಗೆ ಹೋಗುವ ದಾರಿಯಲ್ಲಿ ಮಾವ ಎರಡು ಸಲ ಟೈಮ್ ನೋಡಿದರು. ಹಿನ್ನೀರು ದಾಟಿಸುವ ಲಾಂಚ್ ತಪ್ಪೀತು ಅನ್ನುವ ಹಳೇ ಅಭ್ಯಾಸ. "ಈಗ ಲಾಂಚ್ ಬೇಕಾಗಿಲ್ಲ ಮಾವ" ಅಂದೆ. "ಗೊತ್ತು" ಅಂದರು. ಐದು ನಿಮಿಷ ಬಿಟ್ಟು ಮತ್ತೆ ನೋಡಿದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶರಾವತಿಗೆ ಮೊದಲು ಮಡೆನೂರಿನಲ್ಲಿ ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು. ಅದರ ನೀರಿನಿಂದ ಜೋಗದ ಬುಡದಲ್ಲಿ 1948ರಲ್ಲಿ ವಿದ್ಯುತ್ ಶುರುವಾಯಿತು. ಈಗಿನ ಮಹಾತ್ಮ ಗಾಂಧಿ ವಿದ್ಯುದಾಗಾರ ಅದೇ. ಸಾಲಲಿಲ್ಲ. ಕೆಳಗೆ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡದು ಕಟ್ಟಿದರು. 1964ರಲ್ಲಿ ನೀರು ನಿಂತಾಗ ಹಳೇ ಅಣೆಕಟ್ಟೇ ಮುಳುಗಿಹೋಯಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ಮೇಲೆ ಬರುತ್ತದೆ. ನಾನೂ ಮಾವನೂ ಒಮ್ಮೆ ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಹೋಗಿ ನೋಡಿದ್ದೆವು. ನೀರು ಹೆಚ್ಚಾದಾಗ ತಾನೇ ಎಳೆದು ಹೊರಹಾಕಲಿ ಅಂತ ಗಣೇಶ್ ಅಯ್ಯರ್ ಅನ್ನುವ ಇಂಜಿನಿಯರ್ ರೂಪಿಸಿದ ಸೈಫನ್‌ಗಳು ಅಲ್ಲಿ ಸಾಲಾಗಿ ನಿಂತಿವೆ. ದೈತ್ಯರ ಲೋಟ ಜೋಡಿಸಿಟ್ಟ ಹಾಗೆ. ಇಷ್ಟು ವರ್ಷ ನೀರೊಳಗೆ ಇದ್ದರೂ ಅಂಚು ಮುಕ್ಕಾಗಿರಲಿಲ್ಲ. ಮಾವ ಒಂದನ್ನು ತಟ್ಟಿ, "ಕೆಲಸದೋರು ಕಳ್ಳರಲ್ಲ" ಅಂದಿದ್ದರು.

ಹಿರೇಭಾಸ್ಕರ ಕಟ್ಟಿದಾಗ ಎದ್ದು ಮೇಲೆ ಬಂದು ಕೂತವರು, ಲಿಂಗನಮಕ್ಕಿ ಬಂದಾಗ ಮತ್ತೆ ಎದ್ದರು. ಎರಡೆರಡು ಸಲ ಮುಳುಗಡೆ ಆದವರು. ನಮ್ಮ ಅಜ್ಜನ ಮನೆಯೂ ಆ ಲೆಕ್ಕದಲ್ಲೇ. ಮಾವನಿಗೆ ಆಗ ಹತ್ತು ವರ್ಷ. ಅವರಿಗೆ ನೆನಪಿರುವುದು ಎರಡೇ. ಅಜ್ಜ ಮಾಡಿನ ಹಂಚು ಒಂದೊಂದೇ ಇಳಿಸಿ ಎಣಿಸಿ ಗಾಡಿಗೆ ಹಾಕಿದ್ದು ಒಂದು. ಒಲೆ ಕಿತ್ತರೂ ಅಜ್ಜಿ ಅದರ ಜಾಗಕ್ಕೆ ಕೊನೇ ದಿನವೂ ಸಗಣಿ ಬಳಿದಿದ್ದು ಇನ್ನೊಂದು. ನೀರು ಪ್ರವಾಹದ ಹಾಗೆ ಬರಲಿಲ್ಲವಂತೆ. ದಿನಕ್ಕೆ ಗೇಣು, ಎರಡು ಗೇಣು. "ಮೀಟರ್ ತಿರುಗಿದ ಹಾಗೆ" ಅಂದರು.

ಹೊಳೆಯ ಈಚೆ ಸಾಗರ ಪೇಟೆ, ಆಚೆ ಕರೂರು, ಬಾರಂಗಿ ಹೋಬಳಿಗಳು. ಮಧ್ಯೆ ಹಿನ್ನೀರು. ಆಚೆಯವರಿಗೆ ಆಸ್ಪತ್ರೆ, ಕಾಲೇಜು, ಕೋರ್ಟು, ಸಂತೆ ಎಲ್ಲದಕ್ಕೂ ಲಾಂಚ್. ಸಂಜೆ ಲಾಂಚ್ ನಿಂತರೆ ಬೆಳಗಿನವರೆಗೆ ದ್ವೀಪ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ನೀರಿನ ಪಕ್ಕದ ಹಳ್ಳಿಗಳಿಗೆ ಕಂಬ ಬಂದಿದ್ದೇ ಎಷ್ಟೋ ವರ್ಷ ಆದ ಮೇಲೆ. ಇದನ್ನು ಹೇಳುವಾಗ ಮಾವನಿಗೆ ಬೋರ್ಡಿನ ಮೇಲೂ ಸಿಟ್ಟು, ಬೋರ್ಡನ್ನು ಬಿಟ್ಟುಕೊಡಲೂ ಮನಸ್ಸಿಲ್ಲ. "ಕರೆಂಟ್ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ. ಅದು ತಿಂದೇ ಮಕ್ಕಳನ್ನ ಓದಿಸಿದೀನಿ" ಅಂತಾರೆ.

ಸೇತುವೆ ಬಂತು. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್, ನಡುಭಾಗ ಹಳದಿ ಕೇಬಲ್‌ಗಳಲ್ಲಿ ತೂಗುಬಿದ್ದ ಹಾಗಿದೆ. ಖರ್ಚು 470 ಕೋಟಿಗೂ ಮೇಲೆ. 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಮಾವ ನಡೆದೇ ದಾಟುತ್ತೇನೆ ಅಂದರು. ನಾನು ಕಾರು ನಿಧಾನಕ್ಕೆ ಹಿಂದೆ ಬಿಟ್ಟೆ. ಸೆಲ್ಫಿಯವರ ನಡುವೆ ಒಬ್ಬ ಮುದುಕ ಕೈ ಹಿಂದೆ ಕಟ್ಟಿಕೊಂಡು ಕೆಳಗೆ ನೀರು ನೋಡುತ್ತಾ ನಡೆಯುತ್ತಿದ್ದ. ಅರ್ಧ ದಾರಿಯಲ್ಲಿ ನಿಂತು ಬೆರಳು ತೋರಿಸಿದರು. "ಅಗೋ, ಆ ಗುಡ್ಡದ ಮೂತಿ ಕಾಣ್ತಲ್ಲ, ಅದರ ಕೆಳಗೆ." ನನಗೆ ಬರೀ ನೀರು ಕಂಡಿತು. ಅಮ್ಮನ ತವರುಮನೆಯ ವಿಳಾಸ ಕೇಳಿದರೆ ಇನ್ನು ಮುಂದೆ ಹೀಗೇ ಹೇಳಬೇಕು.

ಮಾವ ಎರಡು ಕಿಲೋಮೀಟರ್ ನಡೆಯಲು 40 ನಿಮಿಷ ತಗೊಂಡರು. ಕಾರಲ್ಲಿ ಮೂರು ನಿಮಿಷದ ಕೆಲಸ.

ತುಮರಿ ಹತ್ತಿರ ಚಿಕ್ಕಮ್ಮನ ಮನೆ. ಬಿಸಿ ಕೊಟ್ಟೆ ಕಡುಬು, ಕೋಳಿ ಸಾರು. ಚಿಕ್ಕಮ್ಮನಿಗೆ ಸೇತುವೆ ಬಗ್ಗೆ ಹೇಳಿ ಅಂದರೆ ಮೊದಲು ಬೈದರು. ರಜೆ ಬಂತಂದ್ರೆ ಕಾರುಗಳು, ಹಾರ್ನು, ದಾರಿ ತುಂಬ ಪ್ಲಾಸ್ಟಿಕ್. ಲಾಂಚ್ ಕಟ್ಟೆಯಲ್ಲಿ ಚುರುಮುರಿ, ಚಹಾ ಮಾರುತ್ತಿದ್ದವರ ಪಾಡು ಕೇಳುವವರಿಲ್ಲ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ಇವರಿಗೆ ಎದೆನೋವು ಬಂದ ರಾತ್ರಿ ಈ ಸೇತುವೆ ಇದ್ದಿದ್ರೆ" ಅಂದರು. ಅವತ್ತು ಜೀಪಿನ ಹಿಂದೆ ಮಲಗಿಸಿಕೊಂಡು ಹೊಳೆ ಅಂಚಿಗೆ ಬಂದಿದ್ದರಂತೆ. ಆಚೆ ದಡದಲ್ಲಿ ಒಂದೇ ಒಂದು ದೀಪ. ಬೆಳಗಿನ ಮೊದಲ ಲಾಂಚಿಗೆ ಇನ್ನೂ ಐದು ತಾಸು. ಚಿಕ್ಕಮ್ಮ ಐದು ತಾಸೂ ಅವರ ಎದೆ ಮೇಲೆ ಕೈಯಿಟ್ಟು ಕೂತಿದ್ದರು.

"ಬದುಕಿದೆನಲ್ಲ, ಬಿಡೇ" ಅಂದರು ಚಿಕ್ಕಪ್ಪ. ಕೋಳಿ ಕಾಲು ಅವರ ತಟ್ಟೆಯಲ್ಲೇ ಇತ್ತು.

ಅಣೆಕಟ್ಟು ಬೇಕಿತ್ತಾ? ಬೇಕಿತ್ತು ಅಂತಲೇ ನನ್ನ ಅನಿಸಿಕೆ. ಕಲ್ಲಿದ್ದಲು ಇಲ್ಲದ ರಾಜ್ಯ, ರಾಯಚೂರಿನ ಶಾಖೋತ್ಪನ್ನ ಘಟಕ ಶುರುವಾಗಿದ್ದೇ 1985ರಲ್ಲಿ. ಅಲ್ಲಿಯವರೆಗೆ ಕಾರ್ಖಾನೆ, ಪಂಪ್‌ಸೆಟ್, ಬೆಂಗಳೂರು ಎಲ್ಲ ಶರಾವತಿಯ ಮೇಲೇ ಜಾಸ್ತಿ ಆತುಕೊಂಡಿದ್ದವು. ನನಗೆ ಸಿಟ್ಟು ಬರುವುದು ಬೇರೆಯದಕ್ಕೆ. ಅಣೆಕಟ್ಟು ಕಟ್ಟುವ ಇಂಜಿನಿಯರಿಗೆ ನೀರು ಎಲ್ಲಿವರೆಗೆ ನಿಲ್ಲುತ್ತದೆ ಅಂತ ಗೊತ್ತಿತ್ತು. 1,819 ಅಡಿ ಅಂತ ಗೆರೆ ಎಳೆದಿದ್ದರು. ಆ ಗೆರೆಯ ಆಚೆ ಜನ ಇರುತ್ತಾರೆ, ಅವರು ಈಚೆ ಬರಬೇಕು ಅನ್ನುವುದೂ ಗೊತ್ತಿತ್ತು. ಸೇತುವೆ ಅದೇ ನಕ್ಷೆಯಲ್ಲಿ ಇರಬೇಕಿತ್ತು, ಅದೇ ಬಜೆಟ್‌ನಲ್ಲಿ. ಅದನ್ನು ಬೇರೆ ಯೋಜನೆ ಮಾಡಿ, 61 ವರ್ಷ ಕಾಯಿಸಿ, ಶಾಮಿಯಾನ ಹಾಕಿ ಉದ್ಘಾಟನೆ ಮಾಡಿದರು. ಬಾಕಿ ತೀರಿಸಿದ್ದನ್ನು ಉಡುಗೊರೆ ಅಂತ ಕರೆದ ಹಾಗೆ.

ಇನ್ನೊಂದು ಬಾಕಿ ಹಾಗೇ ಇದೆ. ಮುಳುಗಡೆಯವರಿಗೆ ಆಗ ಕಾಡಿನ ಜಾಗ ತೋರಿಸಿ ಕೂರಿಸಿದರು. ಕಾಗದದಲ್ಲಿ ಅದು ಕಾಡಾಗಿಯೇ ಉಳಿಯಿತು. ಚಿಕ್ಕಮ್ಮನ ಬಾವನ ಮನೆಯವರು ಮೂರು ತಲೆಮಾರು ಉತ್ತ ತೋಟಕ್ಕೆ ಹಕ್ಕುಪತ್ರ ಇಲ್ಲ. ಸಾಲ ಬೇಕಂದ್ರೆ ಬ್ಯಾಂಕಿನವರು ಪಹಣಿ ಕೇಳುತ್ತಾರೆ. ಕಬ್ಬಿಣದ ಪೆಟ್ಟಿಗೆಯಿಂದ ಫೈಲು ತೆಗೆದು ತೋರಿಸಿದರು. ಅರ್ಜಿ, ಸ್ವೀಕೃತಿ, ಮತ್ತೆ ಅರ್ಜಿ. ಎಲ್ಲಕ್ಕಿಂತ ಕೆಳಗಿನ ಹಾಳೆ ಮುಟ್ಟಿದರೆ ಪುಡಿಯಾಗುವ ಹಾಗಿತ್ತು.

ನಾಲ್ಕನೇ ದಿನ: ಕಾರ್ಗಲ್, ತಳಕಳಲೆ

ಜೋಗ ನೋಡಿದೆವು. ಡಿಸೆಂಬರ್, ರಾಜ ತೆಳ್ಳಗಾಗಿದ್ದ, ಉಳಿದ ಮೂವರೂ ಅಷ್ಟೇ. ಸುತ್ತ ಕಟ್ಟಡದ ಕೆಲಸ ಜೋರಾಗಿತ್ತು. ಮುಂದೆ ಹೋದೆವು.

ಕಾರ್ಗಲ್‌ನ ಚಹಾ ಅಂಗಡಿಯವರು ನಮ್ಮ ಕಾರಿನ ಕೆಎ 05 ನೋಡಿ ಕೇಳಿದರು, "ಬೆಂಗಳೂರಿಂದಾ? ನೀರು ಕೇಳೋಕೆ ಬಂದ್ರಾ?" ತಮಾಷೆಯೇ, ಆದರೆ ಪೂರ್ತಿ ತಮಾಷೆ ಅಲ್ಲ. ಲಿಂಗನಮಕ್ಕಿ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ 2019ರ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಗಿತ್ತು. ಸರ್ಕಾರ ಹಿಂದೆ ಸರಿಯಿತು. ಆ ಪ್ರಸ್ತಾಪ ಆಗಾಗ ಮತ್ತೆ ಹೆಡೆ ಎತ್ತುತ್ತದೆ. ನೂರಾರು ಕಿಲೋಮೀಟರ್ ದೂರ, ಅದೂ ಮೇಲಕ್ಕೆ ಎತ್ತಿ! ಬೆಂಗಳೂರಿನ ಕೆರೆ ಮುಚ್ಚಿ ಲೇಔಟ್ ಮಾಡಿದ ನಾವು ಇನ್ನೊಬ್ಬರ ಹೊಳೆ ಕೇಳಲು ಬಂದರೆ ಚಹಾ ಸಿಕ್ಕಿದ್ದೇ ಪುಣ್ಯ.

ಶರಾವತಿಯಲ್ಲಿ ಒಂದೇ ನೀರು ಮೂರು ಸಲ ದುಡಿಯುತ್ತದೆ. ಲಿಂಗನಮಕ್ಕಿ ಅಣೆಕಟ್ಟಿನ ಬುಡದಲ್ಲಿ 55 ಮೆಗಾವ್ಯಾಟ್. ಅಲ್ಲಿಂದ ಕಾಲುವೆಯಲ್ಲಿ ತಳಕಳಲೆಗೆ ಬಂದು, ದಪ್ಪ ಪೈಪುಗಳಲ್ಲಿ ಕಣಿವೆಗೆ ಬಿದ್ದು 1,035 ಮೆಗಾವ್ಯಾಟ್. ಕೆಳಗೆ ಗೇರುಸೊಪ್ಪದಲ್ಲಿ ಇನ್ನೊಂದು 240. ಈಗ ಬಂದಿರುವ ಹೊಸ ಯೋಜನೆ 2,000 ಮೆಗಾವ್ಯಾಟಿನದು. ಮೇಲಿನ ತಳಕಳಲೆ, ಕೆಳಗಿನ ಗೇರುಸೊಪ್ಪ, ಎರಡೂ ಜಲಾಶಯ ಈಗಾಗಲೇ ಇವೆ. ಹಗಲು ಬಿಸಿಲಿನ ಕರೆಂಟ್ ಜಾಸ್ತಿ ಇದ್ದಾಗ ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡುವುದು, ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ಕರೆಂಟ್ ತೆಗೆಯುವುದು. ಮಾವ ಹೇಳಿದ ಹಾಲಿನ ಪಾತ್ರೆ ಇದೇ.

ತಳಕಳಲೆ ಕಡೆ ರಸ್ತೆ ಪಕ್ಕ ಕಾರು ನಿಲ್ಲಿಸಿ ಮಾವ ಪೆನ್ಸಿಲ್ ತೆಗೆದರು. ಎತ್ತರದ ವ್ಯತ್ಯಾಸ ಸುಮಾರು 450 ಮೀಟರ್. ಸಾವಿರ ಲೀಟರ್ ನೀರು ಅಷ್ಟು ಎತ್ತರದಿಂದ ಬಿದ್ದರೆ, ಯಂತ್ರದಲ್ಲಿ ಕಳೆದುಹೋಗಿದ್ದು ಬಿಟ್ಟು, ಸಿಗುವುದು ಒಂದು ಯೂನಿಟ್ ಮೇಲೆ ಚಿಲ್ಲರೆ. ನನ್ನ ಕಾರಿನ ಬ್ಯಾಟರಿ 40 ಯೂನಿಟ್‌ನದು. ಅಂದರೆ 36,000 ಲೀಟರ್. ನಮ್ಮ ಅಪಾರ್ಟ್‌ಮೆಂಟಿಗೆ ಬೇಸಿಗೆಯಲ್ಲಿ ಬರುವ 12,000 ಲೀಟರಿನ ಟ್ಯಾಂಕರ್ ಮೂರು. ಒಂದು ಕಾರು ತುಂಬಿಸಲು ಮೂರು ಟ್ಯಾಂಕರ್ ನೀರು ಬೆಟ್ಟದಿಂದ ಬೀಳಬೇಕು. "ಬಿದ್ದಿದ್ದನ್ನ ಮತ್ತೆ ಹತ್ತಿಸೋಕೆ ಖರ್ಚು ಜಾಸ್ತಿ" ಅಂತ ಕೆಳಗೆ ಗೆರೆ ಎಳೆದರು. ಸಾವಿರ ಲೀಟರಿಗೆ ಬರುವುದು 1.1 ಯೂನಿಟ್, ಹತ್ತಿಸಲು ಹೋಗುವುದು ಸುಮಾರು 1.4. ಪಾತ್ರೆಯೇ ಐದರಲ್ಲಿ ಒಂದು ಪಾಲು ಹಾಲು ಕುಡಿಯುತ್ತದೆ.

ಅದು ತಪ್ಪಲ್ಲ. ವ್ಯರ್ಥ ಹೋಗುವ ಹಗಲಿನ ಕರೆಂಟಿನಲ್ಲಿ ನಾಲ್ಕು ಪಾಲು ಉಳಿದರೂ ಲಾಭವೇ. ರಾಜ್ಯದ ಬೇಡಿಕೆ ಬೇಸಿಗೆಯಲ್ಲಿ 18,000 ಮೆಗಾವ್ಯಾಟ್ ದಾಟಿದೆ. ಪಾವಗಡದಂಥವು ಹೆಚ್ಚಿದಷ್ಟೂ ರಾತ್ರಿಗೆ ಪಾತ್ರೆ ಬೇಕೇ ಬೇಕು. ಇಷ್ಟರ ಮಟ್ಟಿಗೆ ನನ್ನ ಮಗ ಸರಿ. ಮನೆಗೆ ಹೋಗಿ ಒಪ್ಪಿಕೊಳ್ಳುತ್ತೇನೋ ಇಲ್ಲವೋ ಗೊತ್ತಿಲ್ಲ.

ಆದರೆ ಪಾತ್ರೆ ಇಲ್ಲೇ ಯಾಕೆ? ಎರಡು ಜಲಾಶಯದ ನಡುವಿನ ಬೆಟ್ಟದ ಹೊಟ್ಟೆಯಲ್ಲಿ ಸುರಂಗ, ನೆಲದಡಿ ವಿದ್ಯುದಾಗಾರ, ಅಲ್ಲಿಗೆ ರಸ್ತೆ ಎಲ್ಲ ಬರಬೇಕು. ಆ ಬೆಟ್ಟ ಇರುವುದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ. ಅದನ್ನು ಅಭಯಾರಣ್ಯ ಅಂತ ವಿಸ್ತರಿಸಿ ಘೋಷಿಸಿದ್ದು 2019ರಲ್ಲಿ, ಇದೇ ಸರ್ಕಾರಗಳೇ. ಮಳೆಗಾಲದಲ್ಲಿ ಈ ಘಟ್ಟದ ರಸ್ತೆಗಳು ಕುಸಿಯುವುದನ್ನು ನೋಡಿದವರಿಗೆ ಬೆಟ್ಟ ಕೊರೆಯುತ್ತಾರೆ ಅಂದರೆ ನಿದ್ದೆ ಬರುವುದಿಲ್ಲ. 2025ರ ಸೆಪ್ಟೆಂಬರ್‌ನ ಅಹವಾಲು ಸಭೆಗಳಲ್ಲಿ ಜನ ಅದನ್ನೇ ಹೇಳಿದರು. ಅತ್ತ ಬ್ಯಾಟರಿಯ ಬೆಲೆ ಇಳಿಯುತ್ತಿದೆ. ಪಾವಗಡದ ಬೇಲಿಯೊಳಗೇ ಸ್ವಲ್ಪ ಪಾತ್ರೆ ಇಟ್ಟರೆ ಏನು ಅಂತ ಕೇಳುವವರಿಗೆ ಸರಿಯಾದ ಉತ್ತರ ಸಿಕ್ಕಿದ್ದು ನಾನು ಕಂಡಿಲ್ಲ.

ಚಹಾ ಅಂಗಡಿಯವರಿಗೆ ಮಾತ್ರ ಯೋಜನೆ ಬರಲಿ ಅಂತಿತ್ತು. "ಕಾಲೋನಿ ನೋಡಿ ಸಾರ್, ಅರ್ಧ ಖಾಲಿ. ಕೆಲಸ ಶುರುವಾದ್ರೆ ನೂರು ಚಹಾ ಜಾಸ್ತಿ ಹೋಗುತ್ತೆ." ಪಕ್ಕದಲ್ಲಿ ಕೂತವರೊಬ್ಬರು ಲೋಟ ಕುಕ್ಕಿದರು. "ಐದು ವರ್ಷ ಚಹಾ ಕುಡಿತಾರೆ. ಆಮೇಲೆ?" ಇಬ್ಬರೂ ದಿನಾ ಜಗಳ ಆಡುತ್ತಾರೆ ಅಂತ ಕಾಣುತ್ತದೆ, ಯಾರೂ ತಲೆ ಎತ್ತಲಿಲ್ಲ.

ನಾನು ಮಾವನನ್ನು ನೇರ ಕೇಳಿದೆ, ನಿಮ್ಮ ರೀಡಿಂಗ್ ಏನು ಅಂತ.

"ನಮ್ಮಲ್ಲಿ ಒಂದು ರೂಲಿತ್ತು" ಅಂದರು. "ಹಳೇ ಬಾಕಿ ಇರೋ ಜಾಗಕ್ಕೆ ಹೊಸ ಕನೆಕ್ಷನ್ ಕೊಡಂಗಿಲ್ಲ. ಬಡವನ ಗುಡಿಸಲಿಗೆ ಮುನ್ನೂರು ರೂಪಾಯಿ ಬಾಕಿಗೆ ನಾನೇ ಫ್ಯೂಸ್ ಕಿತ್ತುಕೊಂಡು ಬಂದಿದೀನಿ."

ಐದನೇ ದಿನ: ಗೇರುಸೊಪ್ಪ, ಹೊನ್ನಾವರ

ಮಾವಿನಗುಂಡಿಯಿಂದ ಘಟ್ಟ ಇಳಿದೆವು. ಸಿಂಗಳೀಕ ಕಾಣಲಿಲ್ಲ. ತಿರುವಿನಲ್ಲಿ ಕೂತು ಕುರುಕಲು ಪ್ಯಾಕೆಟ್ಟಿಗೆ ಕೈ ಚಾಚುವ ಮಾಮೂಲಿ ಮಂಗಗಳೇ ಕಂಡವು. ಸಿಂಗಳೀಕ ಮರದಿಂದ ಮರಕ್ಕೆ ಮೇಲಿಂದಲೇ ಓಡಾಡುವ ಪ್ರಾಣಿ, ನೆಲಕ್ಕೆ ಇಳಿಯುವುದು ಕಮ್ಮಿ. ಮೇಲೆ ಕೊಂಬೆ ಕೊಂಬೆ ಕೂಡದಿದ್ದರೆ ಅದಕ್ಕೂ ಹೊಳೆ ಅಡ್ಡ ಬಂದ ಹಾಗೆ. ಲಾಂಚೂ ಇಲ್ಲ.

ಗೇರುಸೊಪ್ಪದ ಕೆಳಗೆ ಹೊಳೆ ಹಸಿರಾಗಿ, ಅಗಲವಾಗಿ, ಏನೂ ಆಗೇ ಇಲ್ಲ ಅನ್ನುವ ಹಾಗೆ ಹರಿಯುತ್ತಿತ್ತು. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಆಳಿದ ಊರು, ಚತುರ್ಮುಖ ಬಸದಿ ಇದೆ. ಮಾವನಿಗೆ ಕಾಲು ನೋವು, ಒಳಗೆ ಹೋಗಲಿಲ್ಲ. ದಡದಲ್ಲಿ ದೋಣಿಯವರೊಬ್ಬರು ಸಿಕ್ಕರು. ದಿನದಲ್ಲಿ ಯಾವ ಹೊತ್ತಿಗೆ ನೀರು ಏರುತ್ತದೆ, ಯಾವಾಗ ಇಳಿಯುತ್ತದೆ ಅಂತ ಅವರಿಗೆ ಬಾಯಿಪಾಠ. "ನೀರು ಮೇಲೆ ಬಂತು ಅಂದ್ರೆ ಎಲ್ಲೋ ಪೇಟೆಯಲ್ಲಿ ಕರೆಂಟ್ ಜಾಸ್ತಿ ಉರಿತಾ ಇದೆ ಅಂತ ಅರ್ಥ" ಅಂದರು. ಹೊಸ ಯೋಜನೆ ಬಂದರೆ ಆ ಹೊತ್ತು ಬದಲಾಗುತ್ತದಾ, ಕೆಳಗೆ ಬರುವ ಸಿಹಿನೀರು ಕಮ್ಮಿಯಾಗಿ ಉಪ್ಪುನೀರು ಮೇಲೆ ಬರುತ್ತದಾ ಅಂತ ಅವರೇ ನಮ್ಮನ್ನು ಕೇಳಿದರು. ನಾವು ಬೆಂಗಳೂರಿನವರು, ಗೊತ್ತಿರಬಹುದು ಅಂತ.

ಮಧ್ಯಾಹ್ನ ಹೊನ್ನಾವರ. ಮೀನೂಟ ಆಯಿತು. ವಾಪಸ್ ಘಟ್ಟ ಹತ್ತಬೇಕು, ಹೆದ್ದಾರಿ ಪಕ್ಕದ ಚಾರ್ಜಿಂಗ್ ಪಾಯಿಂಟಿಗೆ ಕಾರು ಹಾಕಿದೆವು. ಇಪ್ಪತ್ತು ವಯಸ್ಸಿನ ಹುಡುಗನೊಬ್ಬ ನೋಡಿಕೊಳ್ಳುತ್ತಿದ್ದ. ನಾನು ಸೀಟು ಹಿಂದಕ್ಕೆ ಮಾಡಿ ಕಣ್ಣು ಮುಚ್ಚಿದ್ದೆ. ಹೊರಗೆ ಮಾವನ ದನಿ ಏರಿದ್ದು ಕೇಳಿ ಎದ್ದೆ.

ಅಲ್ಲಿಯವರೆಗೆ ಚಾರ್ಜರ್ ಪರದೆಯಲ್ಲಿ 22 ಯೂನಿಟ್ ತೋರಿಸುತ್ತಿತ್ತು. ಕಾರಿನ ಲೆಕ್ಕದಲ್ಲಿ ಬಂದಿದ್ದು 21. ಮಾವ ಪುಸ್ತಕ ಹಿಡಿದು ನಿಂತಿದ್ದರು.

"ಒಂದು ಯೂನಿಟ್ ಅಲ್ವಾ ಸಾರ್, ಬಿಸಿಯಾಗಿ ಹೋಗ್ತದೆ. ಬಿಡಿ" ಅಂದ ಹುಡುಗ.

"ಒಂದು ಯೂನಿಟ್ ಅಂದ್ರೆ ಸಾವಿರ ಲೀಟರ್ ನೀರು ಕಣಪ್ಪ" ಅಂದರು ಮಾವ.

"ಯಾವ ನೀರು?"

ಮಾವ ನನ್ನ ಕಡೆ ನೋಡಿದರು. ಕಾರು ತುಂಬಲು ಇನ್ನೂ ಇಪ್ಪತ್ತು ನಿಮಿಷ ಇತ್ತು. ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹುಡುಗನ ಎದುರು ಕೂತರು.